ಎಡಕ್ಕೆ ಮುಚ್ಚುವ ವಾಲ್ವು

ಊರಿಗೆಲ್ಲ ನೀರು ಬಿಡುವ ಕೆಲಸವನ್ನು ಮೂವತ್ತನಾಲ್ಕು ವರ್ಷ ಮಾಡಿದೆ. ಜನ ನನ್ನನ್ನು ನೀರಣ್ಣ ಅಂತಲೇ ಕರೆಯುತ್ತಿದ್ದರು. ನಿಜವಾದ ಹೆಸರು ಕೇಳಿದರೆ ನಮ್ಮ ಬೀದಿಯವರೇ ತಲೆ ಕೆರೆದುಕೊಂಡಾರು. ರಸ್ತೆಗಳ ಕೆಳಗೆ ಅರವತ್ತೆರಡು ವಾಲ್ವುಗಳಿವೆ. ಯಾವುದನ್ನು ಎಷ್ಟು ಸುತ್ತು ತಿರುಗಿಸಿದರೆ ಯಾವ ಬೀದಿಯ ಮೂರನೇ ಮಹಡಿಗೆ ನೀರು ಹತ್ತುತ್ತದೆ ಅನ್ನುವುದು ನನಗೆ ಬಾಯಿಪಾಠ. ಕಬ್ಬಿಣದ ಉದ್ದ ಕೀಲಿಯನ್ನು ಗುಂಡಿಗೆ ಇಳಿಸಿ ಹಿಡಿಗೆ ಕಿವಿಯಿಟ್ಟರೆ ಸಾಕು, ಕೆಳಗೆ ಓಡುತ್ತಿರುವುದು ನೀರೋ ಗಾಳಿಯೋ ಹೇಳಿಬಿಡುತ್ತಿದ್ದೆ.

ನಿವೃತ್ತಿಯಾದ ಮೊದಲ ವಾರ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಎರಡನೇ ವಾರದಿಂದ ಮನೆಯಲ್ಲಿ ನನಗೆ ಜಾಗವೇ ಇಲ್ಲ ಅನ್ನಿಸತೊಡಗಿತು. ಕುರ್ಚಿ ಎಲ್ಲಿ ಹಾಕಿದರೂ ಹೆಂಡತಿಗೆ ಅಲ್ಲೇ ಗುಡಿಸುವುದಿರುತ್ತಿತ್ತು. ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದೆ; ಅವಳು ಮತ್ತೆ ಮೊದಲಿನ ಹಾಗೇ ಇಟ್ಟುಕೊಂಡಳು. ಬೆಳಿಗ್ಗೆ ನಲ್ಲಿಯ ಸದ್ದಾದ ಕೂಡಲೇ ಗಡಿಯಾರ ನೋಡಿ, "ನಾಲ್ಕು ನಿಮಿಷ ತಡ," ಅಂತ ಗೊಣಗುತ್ತಿದ್ದೆ. "ಬಂತಲ್ಲ ರೀ, ಕೊಡ ಹಿಡೀರಿ," ಅನ್ನುತ್ತಿದ್ದಳು. ಊರಿಗೆ ನೀರು ಕೊಟ್ಟವನು ಕೊಡ ಹಿಡಿದುಕೊಂಡು ನಿಲ್ಲಬೇಕಾಯಿತು.

ಆದರೆ ನನ್ನ ಹತ್ತಿರ ಒಂದು ಗುಟ್ಟಿತ್ತು. ಆ ವರ್ಷವೆಲ್ಲ ನಾನು ಉಸಿರಾಡಿದ್ದೇ ಅದರ ಬಲದ ಮೇಲೆ.

ಎಲ್ಲ ವಾಲ್ವುಗಳೂ ಬಲಕ್ಕೆ ತಿರುಗಿಸಿದರೆ ಮುಚ್ಚುತ್ತವೆ, ಎಡಕ್ಕೆ ತಿರುಗಿಸಿದರೆ ತೆರೆಯುತ್ತವೆ. ಆಸ್ಪತ್ರೆ ರಸ್ತೆಯದೊಂದು ಮಾತ್ರ ಉಲ್ಟಾ. ಯಾವ ಕಾಲದಲ್ಲಿ ಯಾರು ತಂದು ಕೂರಿಸಿದರೋ, ಅದು ಎಡಕ್ಕೆ ಮುಚ್ಚುತ್ತದೆ. ತಿಳಿಯದವನು ಮುಚ್ಚಲು ಹೋಗಿ ಬಲಕ್ಕೆ ಜೋರು ಹಾಕಿದರೆ ಒಳಗಿನ ಸರಳು ಕಟ್ಟಾಗುತ್ತದೆ, ಆಮೇಲೆ ರಸ್ತೆಯನ್ನೇ ಅಗೆಯಬೇಕು. ಅದನ್ನು ಮುಟ್ಟುವುದು ವರ್ಷಕ್ಕೊಂದೇ ದಿನ, ದೊಡ್ಡ ಟ್ಯಾಂಕು ತೊಳೆಯುವ ದಿನ. ಆ ದಿನ ಕೈತುಂಬ ತುಕ್ಕು ಮೆತ್ತಿಕೊಂಡು ಮನೆಗೆ ಬರುತ್ತಿದ್ದೆ. ಹೆಂಡತಿ ಹಿತ್ತಿಲಲ್ಲಿ ಚೆಂಬಿನಿಂದ ನೀರು ಹಾಕುತ್ತಿದ್ದಳು, ನಾನು ಕೈ ಉಜ್ಜುತ್ತ ಕೊಚ್ಚಿಕೊಳ್ಳುತ್ತಿದ್ದೆ: "ಎಡಕ್ಕೆ ಮುಚ್ಚೋ ವಾಲ್ವು. ಇಡೀ ಊರಲ್ಲಿ ನನಗೊಬ್ಬನಿಗೇ ಗೊತ್ತು ಕಣೇ ಅದರ ಬುದ್ಧಿ."

ನನ್ನ ಜಾಗಕ್ಕೆ ಬಂದವನು ಕನ್ನಡಕದವನು, ಎರಡು ಮಕ್ಕಳ ತಂದೆ, ಮೆತ್ತಗಿನ ಮನುಷ್ಯ. ಅವನಿಗೆಂದು ಮನೆಯಲ್ಲಿ ಹೆಂಡತಿಯ ಎದುರಿಗೇ ಕೂತು ಒಂದು ನೋಟುಬುಕ್ಕಿನಲ್ಲಿ ವಾಲ್ವುಗಳ ಲೆಕ್ಕವನ್ನೆಲ್ಲ ಬರೆದುಕೊಟ್ಟೆ. ಅರವತ್ತೊಂದರದ್ದು ಸರಿಯಾಗಿ ಬರೆದೆ. ಆಸ್ಪತ್ರೆ ರಸ್ತೆಯದ್ದಕ್ಕೆ ಸುತ್ತು ಇಪ್ಪತ್ತಮೂರು ಅಂತಷ್ಟೇ ಬರೆದು ಕೈಬಿಟ್ಟೆ. ಮರೆವಲ್ಲ, ಬೇಕೆಂದೇ. ಕೀಲಿ ತಿರುಗದೇ ಹೋದಾಗ ಫೋನು ಮಾಡುತ್ತಾನೆ, 'ಅಣ್ಣ, ನೀವೇ ಬರಬೇಕು' ಅನ್ನುತ್ತಾನೆ, ಅಂದುಕೊಂಡೆ.

ಆ ವರ್ಷ ಫೋನು ಬಂದದ್ದು ಎರಡೇ ಸಲ. ಮೂರನೇ ತಿಂಗಳಲ್ಲಿ, ಹೊಸ ಡಾಂಬರಿನಡಿ ಒಂದು ವಾಲ್ವಿನ ಮುಚ್ಚಳ ಸಿಗುತ್ತಿಲ್ಲ ಅಂತ. ಹೋಗಿ ಹಿಮ್ಮಡಿಯಿಂದ ನಾಲ್ಕು ಕಡೆ ಗುದ್ದಿ, "ಇಲ್ಲಿ ಅಗೀರಿ," ಅಂದೆ. ಅಲ್ಲೇ ಸಿಕ್ಕಿತು. ಎಂಟನೇ ತಿಂಗಳಲ್ಲಿ ಯಾವುದೋ ಪೈಪು ಸದ್ದು ಮಾಡುತ್ತಿದೆ ಅಂತ. ಗಾಳಿ ಸೇರಿಕೊಂಡಿತ್ತು, ಬಿಡಿಸಿಕೊಟ್ಟೆ. ಎರಡು ಸಲವೂ ಮದುಮಗನ ಹಾಗೆ ಮನೆಗೆ ಬಂದೆ. ಆಮೇಲೆ ಒಂದೊಂದು ತಿಂಗಳು ಅದನ್ನೇ ಮೆಲುಕು ಹಾಕಿಕೊಂಡು ಬದುಕಿದೆ. ಉಳಿದ ತಿಂಗಳುಗಳಲ್ಲಿ ನಾನು ಬದುಕಿದ್ದೆ ಅನ್ನುವುದಕ್ಕೆ ಸಾಕ್ಷಿ ಕೇಳಿದರೆ ನನ್ನ ಹತ್ತಿರ ಏನೂ ಇಲ್ಲ. ಮಧ್ಯಾಹ್ನ ಮಲಗಿ ಏಳುವಾಗ, ಯಾಕಾದರೂ ಎಚ್ಚರವಾಯಿತೋ ಅನ್ನಿಸುತ್ತಿತ್ತು. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿಕೊಳ್ಳಲು ಗಂಡಸಿಗೆ ಬಾಯಿ ಬರುವುದಿಲ್ಲ.

ಟ್ಯಾಂಕು ತೊಳೆಯುವ ದಿನ ಬಂತು. ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಒಂಬತ್ತಾಯಿತು. ಹತ್ತಾಯಿತು. "ಕರೀತಾರೆ ಬಿಡಿ," ಅಂದಳು ಹೆಂಡತಿ. ಆ ಸರಳು ಮುರಿಯಲಿ ಅಂತ ಬಯಸಿದೆ. ಆಸ್ಪತ್ರೆಯಲ್ಲಿ ಹಸುಗೂಸುಗಳಿವೆ, ಆಪರೇಷನ್ನಿಗೆ ಮಲಗಿಸಿದವರಿದ್ದಾರೆ ಅಂತ ಗೊತ್ತಿದ್ದೂ ಬಯಸಿದೆ. ಅಷ್ಟು ಕೀಳಾಗಿ ಹೋಗಿದ್ದೆ. ಹತ್ತೂವರೆಗೆ ತಡೆಯಲಾರದೆ ಎದ್ದೆ.

"ಎಲ್ಲಿಗೆ ರೀ?" ಅಂದಳು ಹೆಂಡತಿ.

"ಸುಮ್ನೆ. ಕಾಲಾಡಿಸ್ಕೊಂಡು ಬರ್ತೀನಿ."

ಆಸ್ಪತ್ರೆ ರಸ್ತೆಯಲ್ಲಿ ಗುಂಡಿಯ ಮುಚ್ಚಳ ತೆರೆದಿತ್ತು. ಕನ್ನಡಕದವನು ಕೀಲಿ ಇಳಿಸಿ ತಿರುಗಿಸುತ್ತಿದ್ದ. ಎಡಕ್ಕೆ. ನಿಧಾನವಾಗಿ, ನಾನು ತಿರುಗಿಸುತ್ತಿದ್ದ ಹಾಗೆಯೇ, ಸುತ್ತಿಗೊಮ್ಮೆ ನಿಂತು. "ಇಪ್ಪತ್ತೆರಡು, ಇಪ್ಪತ್ತಮೂರು," ಅಂತ ಎಣಿಸಿ ಕೀಲಿಯ ಹಿಡಿಗೆ ಕಿವಿಯಿಟ್ಟ. ನೀರು ನಿಂತಿತ್ತು, ಅದು ಅವನ ಮುಖದಲ್ಲೇ ಕಂಡಿತು.

ಬಗ್ಗಿದವನು ತಲೆಯೆತ್ತಿ ನನ್ನನ್ನು ನೋಡಿ ಪೆಚ್ಚಾದ. "ಅಯ್ಯೋ ಅಣ್ಣ, ನಿಮಗೆ ಫೋನ್ ಮಾಡ್ಬೇಕಿತ್ತು. ಅತ್ತಿಗೆ ಮೊನ್ನೆ ಕೂಡ ಜ್ಞಾಪಿಸಿದ್ರು. ಗಡಿಬಿಡೀಲಿ ಮರ್ತೇಬಿಟ್ಟೆ."

"ಯಾವ ಅತ್ತಿಗೆ?"

ಅವನು ತುಟಿ ಕಚ್ಚಿಕೊಂಡ. ನಾನು ಬಿಡಲಿಲ್ಲ. "ಇದು ಎಡಕ್ಕೆ ಮುಚ್ಚುತ್ತೆ ಅಂತ ನಿನಗೆ ಯಾರು ಹೇಳಿದ್ದು?"

"ಅತ್ತಿಗೇನೇ. ನೀವು ರಿಟೈರಾದ ವಾರದಲ್ಲೇ ಆಫೀಸಿಗೆ ಬಂದಿದ್ರು." ಕನ್ನಡಕ ತೆಗೆದು ಅಂಗಿಗೆ ಒರೆಸತೊಡಗಿದ. "ಬೇಜಾರು ಮಾಡ್ಕೋಬೇಡಿ ಅಣ್ಣ. 'ಅವರು ಕೆಟ್ಟೋರಲ್ಲಪ್ಪ, ಹೆದರಿದಾರೆ ಅಷ್ಟೆ' ಅಂದ್ರು. ಆಗಾಗ ಏನಾದ್ರೂ ನೆಪ ಮಾಡ್ಕೊಂಡು ನಿಮ್ಮನ್ನ ಕರೀಬೇಕು ಅಂತ ಕೇಳ್ಕೊಂಡ್ರು."

"ಆ ಡಾಂಬರಿನಡಿಯ ಮುಚ್ಚಳ?"

ಅವನು ಕನ್ನಡಕದ ಗಾಜನ್ನು ಇನ್ನೊಮ್ಮೆ ಒರೆಸಿದ.

"ಪೈಪಿನ ಸದ್ದು?"

"ಸದ್ದು ನಿಜವಾಗ್ಲೂ ಇತ್ತಣ್ಣ," ಅಂದ. ಆಮೇಲೆ ಮೆಲ್ಲಗೆ, "ಸ್ವಲ್ಪ," ಅಂದ.

ರಸ್ತೆಯ ಅಂಚಿನಲ್ಲೇ ಕೂತುಬಿಟ್ಟೆ. ಸಿಟ್ಟು ಬರಲಿ ಅಂತ ಕಾದೆ, ಬರಲಿಲ್ಲ. ಇಡೀ ವರ್ಷದಲ್ಲಿ ನನ್ನದು ಅಂತ ಇದ್ದದ್ದು ಎರಡು ದಿನ. ಅವನ್ನೂ ನನ್ನ ಹೆಂಡತಿ ಬೇರೆಯವರ ಮುಂದೆ ನಿಂತು ಬೇಡಿ ತಂದಿದ್ದಳು. ತನಗೆಂದು ಯಾರ ಹತ್ತಿರವೂ ಒಂದು ಹಿಡಿ ಉಪ್ಪು ಕೇಳಿದವಳಲ್ಲ ಅವಳು. ಕನ್ನಡಕದವನು ಕೀಲಿಯನ್ನು ನನ್ನ ಕಡೆ ಚಾಚಿ, "ಸಂಜೆ ತೆರೆಯೋದು ನೀವೇ ತೆರೀರಿ ಅಣ್ಣ," ಅಂದ. ಬೇಡ ಅಂತ ಕೈ ಆಡಿಸಿ ಎದ್ದು ಹೊರಟೆ.

ಮನೆ ತಲುಪುವಾಗ ಅವಳು ಬಾಗಿಲಲ್ಲೇ ನಿಂತಿದ್ದಳು. ಪರೀಕ್ಷೆಯ ಫಲಿತಾಂಶ ಕೇಳುವವರ ಮುಖ ಮಾಡಿಕೊಂಡು, "ಫೋನ್ ಬಂತಾ ರೀ?" ಅಂದಳು.

ಅವಳ ಮುಖ ನೋಡಿದೆ. ನಿಜ ಹೇಳಲು ಬಾಯಿ ತೆರೆದವನಿಗೆ ಆಗಲಿಲ್ಲ. "ಹ್ಞೂಂ, ದಾರೀಲಿದ್ದಾಗ ಬಂತು," ಅಂದೆ. "ಹೋಗಿ ಮುಚ್ಚಿಕೊಟ್ಟು ಬಂದೆ. ನಾನಿಲ್ಲದಿದ್ರೆ ಸರಳು ಮುರ್ದೇ ಹಾಕ್ತಿದ್ದ."

"ನಾನು ಹೇಳಲಿಲ್ವಾ, ಕರೀತಾರೆ ಅಂತ," ಅಂದಳು. ಅವಳ ಹೆಗಲು ಸಡಿಲವಾದದ್ದು ಕಂಡಿತು. "ಬನ್ನಿ, ಕೈ ತೊಳ್ಕೊಳ್ಳಿ."

ನಲ್ಲಿಯಲ್ಲಿ ನೀರಿರಲಿಲ್ಲ. ಹಿಂದಿನ ದಿನವೇ ತುಂಬಿಸಿಟ್ಟಿದ್ದ ಹಂಡೆಯಿಂದ ಅವಳು ಚೆಂಬಿನಲ್ಲಿ ನೀರು ತಂದಳು. ನಾನು ಹಿತ್ತಿಲಲ್ಲಿ ಬಗ್ಗಿ, ಅಭ್ಯಾಸದಂತೆ ಎರಡೂ ಕೈ ಚಾಚಿದೆ.

ಚಾಚಿದ ಮೇಲೆ ನೆನಪಾಯಿತು. ಬಿಸಿಲಿನಲ್ಲಿ ನನ್ನ ಅಂಗೈಗಳು ತೊಳೆದಿಟ್ಟ ತಟ್ಟೆಯ ಹಾಗೆ ಬೆಳ್ಳಗಿದ್ದವು. ಒಂದು ಚೂರು ತುಕ್ಕಿರಲಿಲ್ಲ. ಅವಳು ನೋಡಿದಳು. ಚೆಂಬು ಅರೆಗಳಿಗೆ ಗಾಳಿಯಲ್ಲೇ ನಿಂತಿತು.

ಆಮೇಲೆ ಅವಳು ನೀರು ಹಾಕಿದಳು. ಚೆಂಬು ಖಾಲಿಯಾಗುವ ತನಕ ನಾನು ಕೈ ಉಜ್ಜುತ್ತಲೇ ಇದ್ದೆ.