ಹಲ್ಲು ಮೂಡದವಳ ಎಡೆಗಲ್ಲು

ಪಡುವಣ ದಂಡೆಯ ಕಲ್ಲುಕುಟಿಗ ನೆಬ್ರೆ ಕೆತ್ತಿದ ಬಾತುಕೋಳಿಗೆ ಬಾಯಿ ಹಾಕಿ ಮರುಭೂಮಿಯ ಅರ್ಧದಷ್ಟು ನರಿಗಳು ಹಲ್ಲು ಮುರಿದುಕೊಂಡಿದ್ದವು. ಅವನ ಕಲ್ಲುರೊಟ್ಟಿಯ ವಾಸನೆ ಹಿಡಿದು ನೈಲ್ ನದಿಯ ಮೊಸಳೆಗಳು ದಡ ಹತ್ತಿ ಸಾಲಾಗಿ ಕೂರುತ್ತಿದ್ದವು. ನಂಬದವರು ಮೊಸಳೆಗಳನ್ನೇ ಕೇಳಬಹುದು. ಗೋರಿಯ ಮುಂದಿಡಲು ಅವನು ಕೆತ್ತಿದ ಎಡೆಗಲ್ಲಿನ ಮೇಲೆ ನೀರು ಸುರಿದರೆ ಸಾಕು, ಕೆತ್ತಿದ್ದೆಲ್ಲ ಊಟವಾಗಿ ಸತ್ತವರ ಬಾಯಿ ಸೇರುತ್ತಿತ್ತು. ಗೋರಿಯೊಳಗಿನ ಅಧಿಕಾರಿಗಳು ತೇಗುವ ಸದ್ದಿಗೆ ಬೆಟ್ಟವೇ ನಡುಗುತ್ತಿತ್ತು.

ಅಂಥವನ ಕೂಸು ಮುತುಯಿ ಜ್ವರದಲ್ಲಿ ಹೋಗಿಬಿಟ್ಟಳು.

ಆ ಊರಲ್ಲಿ ಕೂಸುಗಳನ್ನು ಗಡಿಗೆಯಲ್ಲಿಟ್ಟು ಗುಡ್ಡದ ಬುಡದಲ್ಲಿ ಹೂಳುತ್ತಾರೆ. ಎಡೆಗಲ್ಲು ಯಾರೂ ಇಡುವುದಿಲ್ಲ. ನೆಬ್ರೆ ಕೇಳಲಿಲ್ಲ; ಒಂದು ಸೈನ್ಯ ಉಂಡು ಮಿಗಿಸುವಷ್ಟು ಕೆತ್ತಿದ. ಎತ್ತಿನ ತೊಡೆ, ಬಾತುಕೋಳಿ, ಈರುಳ್ಳಿ ಕಟ್ಟು, ಬಿಯರಿನ ಹೂಜಿ.

“ಗಡಿಗೆಗಿಂತ ಕಲ್ಲೇ ದೊಡ್ಡದಾಯ್ತಲ್ಲೋ ಮಾರಾಯ,” ಎಂದ ಪಕ್ಕದ ಮನೆಯ ಕೆನ್ನಾ.

“ಊರೋರಿಗೆಲ್ಲ ಉಣ್ಣಿಸಿದೋನು ನಾನು. ನನ್ನ ಮಗಳು ಅಲ್ಲಿ ಹಸಿದು ಕೂರ್ಬೇಕಾ?”

ಬೆಳಿಗ್ಗೆ ಹೆಂಡತಿ ತಕೆತ್ ನೀರಿನ ಹೂಜಿ ತಂದಳು. ಎದೆಹಾಲು ಸೋರಿ ಅವಳ ಬಟ್ಟೆ ಒದ್ದೆಯಾಗಿತ್ತು. ಕಲ್ಲಿನ ಮೇಲೆ ನೀರು ಸುರಿದಳು. ಅದು ತೊಡೆಯನ್ನು, ಬಾತುಕೋಳಿಯನ್ನು ತೋಯಿಸಿ ತುದಿಯ ಕೊಳವೆಯಿಂದ ಮರಳಿಗಿಳಿಯಿತು. ನೆಬ್ರೆ ಅವಳ ಮುಖವನ್ನೇ ನೋಡುತ್ತಿದ್ದ.

“ಇದನ್ನ ಅಗಿಯೋರ್ಯಾರು?” ಎಂದಳು ತಕೆತ್.

“ಏನು?”

“ಅವಳಿಗೆ ಹಲ್ಲೆಲ್ಲಿತ್ತು ನೆಬ್ರೆ?”

ಕಲ್ಲಿನ ಧೂಳು ಮೆತ್ತಿದ ಅವನ ಬೆರಳನ್ನು ಮಗಳು ದಿನವೂ ಚೀಪುತ್ತಿದ್ದಳು. ಬರೀ ಒಸಡು, ಮೆತ್ತಗೆ. ಅವನಿಗೆ ಗೊತ್ತಿತ್ತು. ಉಳಿ ಹಿಡಿದ ಕೈ ಮಾತ್ರ ರೂಢಿಯ ದಾರಿಯಲ್ಲೇ ನಡೆದುಬಿಟ್ಟಿತ್ತು.

ಅವನು ಉಳಿ ಎತ್ತಿಕೊಂಡು ಕೂತು, ಇಡೀ ದೇಶದಲ್ಲೇ ಇಲ್ಲದಂಥ ಆ ಎತ್ತಿನ ತೊಡೆಯನ್ನು ಕುಟ್ಟಿ ಪುಡಿಮಾಡಿದ. ಅಲ್ಲೊಂದು ಗುಳಿ ಕೊರೆದ, ಬೊಗಸೆಗಿಂತ ಚಿಕ್ಕದು. ಅಂಚನ್ನು ಮರಳಿನಿಂದ ಉಜ್ಜಿ ಉಜ್ಜಿ ತನ್ನ ತುಟಿಗೆ ತಾಗಿಸಿ ನೋಡಿದ, ಚುಚ್ಚುತ್ತದೇನೋ ಎಂದು.

ತಕೆತ್ ಬಾಗಿ ಎದೆಹಾಲು ಹಿಂಡಿದಳು. ಸುಣ್ಣಗಲ್ಲು ಅದನ್ನು ನಿಧಾನವಾಗಿ ಹೀರಿತು.

“ಕುಡೀತಿದ್ದಾಳೆ,” ಎಂದ ನೆಬ್ರೆ.

ದಿನಾ ಬೆಳಿಗ್ಗೆ ಇಬ್ಬರೂ ಬಂದರು. ಹಾಲು ಕಡಿಮೆಯಾಗುತ್ತ ಹೋಯಿತು. ಒಂದು ದಿನ ತಕೆತ್ ಎಷ್ಟು ಹಿಂಡಿದರೂ ಏನೂ ಬರಲಿಲ್ಲ. ನೆಬ್ರೆ ನೀರಿನ ಹೂಜಿ ಎತ್ತಿದ.

ಅವಳು ಗುಳಿಯ ಮೇಲೆ ಅಂಗೈ ಮುಚ್ಚಿದಳು.

“ಬೇಡ,” ಎಂದಳು. “ನೀರು ಸತ್ತೋರಿಗೆ ಹಾಕೋದು. ಹಾಕಿದ್ರೆ ಅವಳಿಗೆ ಗೊತ್ತಾಗುತ್ತೆ.”