ಕೋಲಿನ ತುದಿ

ನೆರಳು ಬಿತ್ತು, ಮತ್ತ ಬಿತ್ತು, ತಲಿ ಹೆಗಲು ಕೈಯಾಗಿನ ಕೋಲು ಎಲ್ಲಾ ಕೂಡಿ ಮಡುವಿನ ನಡುವ ಕರೀ ಕಂಬಳಿ ಬೀಸಿ ಒಗೆದ ಹಂಗ — ಅದರ ಕೆಳಗ ಮೀನು ನಿಂತೀತೇನು, ಮೀನಿಗೇನು ಕಣ್ಣಿಲ್ಲೇನು, ಹೊತ್ತು ಬೆನ್ನಿಗೆ ಇಟ್ಟುಕೊಂಡು ಯಾವ ಶಾಣ್ಯಾ ಮಾಗಿಯ ತಿಳಿನೀರಿಗೆ ಇಳೀತಾನ, ಬಿಸಲು ಮಾರಿಗೆ ಹೊಡೀಬೇಕು, ಕಣ್ಣು ಕುಕ್ಕಿದರೂ ಕುಕ್ಕಲಿ, ನೆರಳು ಹಿಂದ ದಂಡಿಯ ಮ್ಯಾಲೆ ಬೀಳಬೇಕು, ಇದನ್ನ ಏಳು ವರ್ಷದ ಕೂಸಿಗೂ ತಿಳಿಸಬಹುದು, ಹೊನ್ನವ್ವಗ ಅಪ್ಪ ತಿಳಿಸಿದ್ದು ಏಳನೇ ವರ್ಷಕ್ಕೇ, ಆದರೆ ಹೊಳಿಯಾಗ ಕಾಲು ಅಗಲಿಸಿ ಗೌಡರ ಹಂಗ ನಿಂತ ಗುಡ್ಡಪ್ಪಗ ಹೇಳಾವರು ಯಾರು, ಹೆಂಡತಿ ಹೇಳಿದ್ದು ಕೇಳಿದರ ಅಂವ ಗಂಡಸು ಹೆಂಗಾದಾನು. ಹೊನ್ನವ್ವ ಸೀಮೆಎಣ್ಣೆ ಡಬ್ಬಿಯನ್ನು ಒಂದು ಬಗಲಿಂದ ಇನ್ನೊಂದು ಬಗಲಿಗೆ ಬದಲಿಸಿದಳು. ಡಬ್ಬಿ ಮಲೇರಿಯಾ ಸಾಹೇಬರದು, ಒಳಗಿನ ನೀರು ಧರ್ಮಾ ಹೊಳಿಯದು, ನೀರಿನಾಗ ಅಂಗಾತ ತೇಲುವ ಆರು ಮೀನು ಗಂಡ ಹಿಡಿದದ್ದು — ಬೆರಳುದ್ದದ ಬೆಳ್ಳನ್ನ ಸಸಲಿ, ಒಂದೊಂದರ ಬಾಯಿಯೂ ಕಿವಿರಿನ ತನಕ ಹರಿದು ಜೋತಾಡಾಕತ್ತಾವು. ಜೀವಂತ ಬೇಕು ಗುಡ್ಡಪ್ಪಾ, ಅಂದಿದ್ದರು ಶಹಾಬುದ್ದೀನ ಸಾಹೇಬರು, ಸವಣೂರಿನವರು, ಖಾಕಿ ಚಡ್ಡಿ, ಸಣ್ಣ ವಯಸ್ಸು, ಬೈಯಾಕೂ ಬರೂದಿಲ್ಲ ಪಾಪ, ಬಾಯಿ ಹರಿದಿರಬಾರದು, ಪೊರಿ ಉದುರಿರಬಾರದು, ಬಲಿ ಬ್ಯಾಡ, ಬಲಿಯಾಗ ತಿಕ್ಕಾಡಿದ ಮೀನು ಬಾವಿಗೆ ಬಿಟ್ಟ ಮೂರು ದಿನಕ್ಕ ಕೊಳೀತಾವು, ಒಂದೊಂದ ಹಿಡೀರಿ, ಇಪ್ಪತ್ತು ಇದ್ದರ ನಿಮ್ಮ ಹಿರೇಬಾವಿಗೆ ಸಾಕು, ಸೊಳ್ಳಿಮರಿ ಒಂದೂ ಉಳಿಸೂದಿಲ್ಲ ಅವು, ಆದರ ಹನ್ನೆರಡಕ್ಕ ನಾ ಬಂಕಾಪುರದ ಬಸ್ಸಿಗಂತ ನಡೀಬೇಕು ನೋಡ್ರಿ, ಹಿರೇಕೆರೂರ ಕಡೆ ಹಳ್ಳಿ ಕಾಯಾಕತ್ತಾವು, ಆಗಲಿಲ್ಲಂದ್ರ ಈ ವರ್ಷ ನಿಮ್ಮೂರು ಬಿಟ್ಟಂಗ. ಬಿಟ್ಟಂಗಂತ. ಎಷ್ಟು ಹಗುರ ಮಾತು. ಹೋದ ವರ್ಷವೂ ಬಿಟ್ಟಿದ್ದರು, ಔಷಧ ಹೊಡಿಯೋರು ಬಂಕಾಪುರಕ್ಕ ಬಂದು ಹೊಳ್ಳಿ ಹೋದರು, ಇಲ್ಲಿಗೆ ರಸ್ತಾ ಇಲ್ಲಂತ. ಸೊಳ್ಳಿಗೆ ಮಾತ್ರ ರಸ್ತಾ ಬೇಕಾಗಲಿಲ್ಲ.

ಬಳುಕತೈತಿ ಅಂದ ಗುಡ್ಡಪ್ಪ. ಮುಂಜಾನೆ ಅಂಗಳದಾಗ ಕುಂತು ಆಕಿಯ ಅಪ್ಪನ ಕೋಲನ್ನ ಹಿಂದಮುಂದ ಆಡಿಸಿ, ಏ ಇದೇನಿದು, ನೀರಹಾವಿನಂಗ ಬಳುಕತೈತಿ, ಸಾಹೇಬ್ರ ಮುಂದ ನನ್ನ ಮರ್ಯಾದಿ ತಗೀತೈತಿ, ಅಂದು ಕೊಡಲಿ ಎತ್ತಿ ತುದಿಯ ಒಂದೂವರೆ ಮೊಳ ಕಚ್ ಅಂತ ಕಡಿದು ಒಗೆದ — ಒಂದ ಏಟು, ಅದೂ ಸೊಟ್ಟ ಏಟು, ರೊಟ್ಟಿ ಬಡಿಯುವ ಆಕಿಯ ಕೈ ಹಂಗಽ ನಿಂತಿತು, ಹಂಚಿನ ಮ್ಯಾಲಿನ ರೊಟ್ಟಿ ಕರಕಾಯಿತು, ಅತ್ತಿ ತಿಪ್ಪವ್ವ ರೊಟ್ಟಿ ಸಲುವಾಗಿ ಬೈದಳು, ಕೋಲಿನ ಸಲುವಾಗಿ ಯಾರೂ ಬೈಲಿಲ್ಲ. ಆ ಬಿದಿರನ್ನ ಅಪ್ಪ ಒಂದು ಮಳೆಗಾಲ ಪೂರಾ ಒಲಿಯ ಹೊಗಿಗೆ ಕಟ್ಟಿದ್ದ, ಬುಡಕ್ಕ ಕಲ್ಲು ಜೋತು ಬಿಟ್ಟು ನೆಟ್ಟಗ ಮಾಡಿದ್ದ, ಕೋಲಿನ ಜೀವ ತುದಿಯಾಗ ಇರತೈತಿ ಮಗಳಽ, ಬುಡ ಹಿಡಿಯಾಕ, ನಡು ತಡಿಯಾಕ, ತುದಿ ಕೇಳಾಕ, ಸಣ್ಣ ಮೀನು ಜಗ್ಗೂದಿಲ್ಲ, ಪಿಸುಗುಡತೈತಿ, ತುದಿ ಬಗ್ಗಿದರ ಅದರ ತುಟಿ ಉಳೀತೈತಿ, ತುದಿ ಬಗ್ಗಲಿಲ್ಲಂದ್ರ ತುಟಿ ಹರೀತೈತಿ, ಎರಡರಾಗ ಒಂದು ಸೋಲಬೇಕು, ಅಂತಿದ್ದ. ಸೋಲೂದಂದ್ರ ಈ ಮನಿಯಾಗ ಯಾರಿಗೂ ಆಗಿಬರೂದಿಲ್ಲ, ಬಿದಿರಿಗೂ ಸೋಲಾಕ ಬಿಡೂದಿಲ್ಲ. ಅಷ್ಟಕ್ಕ ಬಿಟ್ಟನೇನು, ಆಕಿ ಹೊಸೆದ ಕುದುರೆಕೂದಲಿನ ಎಳಿಯನ್ನೂ ಬಿಚ್ಚಿ ಒಲಿಗೆ ಹಾಕಿದ, ಹುಬ್ಬಳ್ಳಿಯಿಂದ ತಂದ ನೈಲಾನ ದಾರ ಕಟ್ಟಿದ, ಎತ್ತು ಕಟ್ಟಿದರೂ ಹರಿಯದ ದಾರ, ದೊಡ್ಡ ಬಾಳೆಮೀನಿನ ಗಾಳ, ಮ್ಯಾಲೆ ಸೀಸೆಯ ಬೂಚು, ಕೆಳಗ ಭಾರಕ್ಕಂತ ಸೈಕಲ್ಲಿನ ನಟ್ಟು! — ಬೆರಳುದ್ದದ ಮೀನಿಗೆ ಸೈಕಲ್ಲಿನ ನಟ್ಟು, ನೀರಿಗೆ ಬಿದ್ದರ ಗುಡುಂ ಅಂತೈತಿ, ಮೀನು ಹಾನಗಲ್ಲ ತನಕ ಓಡಿರಬೇಕು. ಸಿಕ್ಕ ಆರೂ ಸಿಕ್ಕಿದ್ದು ಕಚ್ಚಿ ಅಲ್ಲ, ಗಾಳ ಜಗ್ಗುವಾಗ ಅಡ್ಡ ಬಂದು. ಆಕಿ ಕಟ್ಟಿದ್ದರ ಮೀನಿನ ಮುಂದ ಒಂದೇ ಕೂದಲು ಇರತಿತ್ತು, ಅದರ ಹಿಂದ ಎರಡು, ಅದರ ಹಿಂದ ಮೂರು, ನೀರಿನಾಗ ಕೂದಲು ನೀರಽ ಆಗತೈತಿ, ತೇಲಾಕ ನವಿಲಗರಿಯ ದಂಟಿನ ತುಣುಕು, ಭಾರ ಬ್ಯಾಡಽ ಬ್ಯಾಡ, ಹುಳದ ಭಾರ ಹುಳಕ್ಕ ಸಾಕು. ಕೂದಲಿಗೆ ಅಪ್ಪನ ಕೂಡ ಯಲವಿಗಿ ಟೇಸನ್ನಿಗೆ ನಡಕೊಂತ ಹೋಗುತ್ತಿದ್ದಳು, ಟಾಂಗಾ ದಸ್ತಗೀರಸಾಬ ಬಿಳೇ ಕುದುರಿಯ ಬಾಲ ಹಿಡಿದು ನಗುತ್ತಿದ್ದ, ಗಂಡ ಕುದುರಿದು ತಗೋ ಬೇಟಾ, ಹೆಣ್ಣ ಕುದುರಿ ಬಾಲಕ್ಕ ಉಚ್ಚಿ ಬಡದು ಬಡದು ಜೊಳ್ಳ ಆಗಿರತೈತಿ, ಅದಕ್ಕ ಅವನ ಹೆಂಡತಿ ಗೌಸಬಿ ಪರದೆಯ ಹಿಂದಿನಿಂದಽ, ನಿಮ್ಮ ಬಾಯಾಗ ಹೆಣ್ಣಿಂದು ಯಾವುದು ಗಟ್ಟಿ ಐತಿ ಅದನ್ನರ ಹೇಳ್ರಿ ನೋಡೋಣು — ಅಪ್ಪ ನಕ್ಕಿದ್ದ, ದಸ್ತಗೀರಸಾಬನೂ ನಕ್ಕಿದ್ದ, ಕುದುರಿ ಮಾತ್ರ ಸುಮ್ಮನಿತ್ತು. ಆ ಕೂದಲಿನ ಕಡೀ ಸಿಂಬಿ ಇವತ್ತು ಒಲಿಯಾಗ ಚರ್ ಅಂತು, ಸುಟ್ಟ ವಾಸನಿ ಇನ್ನೂ ಮೂಗಿನಾಗ ಐತಿ. ಕಡಿದ ತುದಿಯನ್ನ ಮಾತ್ರ ಆಕಿ ಅಂಗಳದಿಂದ ಎತ್ತಿ ಸೀರಿಯ ನಡುವಿಗೆ ಸಿಗಿಸಿಕೊಂಡು ಬಂದಿದ್ದಳು, ಯಾಕಂತ ಆಕಿಗೂ ಗೊತ್ತಿರಲಿಲ್ಲ, ಕಟ್ಟಿಗಿ ಚೂರು ಮುಟ್ಟಿದರ ಯಾವ ಹೊಳಿ ಸಿಟ್ಟಿಗೇಳತೈತಿ.

ಹೊಳಿ ಸಿಟ್ಟಿಗೇಳತೈತಿ ಅಂದಿದ್ದಳು ಅತ್ತಿ. ಹನ್ನೊಂದು ವರ್ಷದ ಹಿಂದ, ಹೊಸ್ತಿಲ ಮ್ಯಾಲಿನ ಸೇರಕ್ಕಿ ಇನ್ನೂ ಒದ್ದಿರಲಿಲ್ಲ, ಆಕಿ ತವರಿಂದ ತಂದ ಕೋಲನ್ನ ಕೈಯಾಗಿಂದ ಕಸಕೊಂಡು ಮಗನ ಕೈಗೆ ಕೊಟ್ಟು, ನೋಡವಾ ಹೊನ್ನವ್ವಾ, ನಿಮ್ಮ ವರದಾ ದಂಡಿಯಾಗ ಹೆಂಗೋ ಏನೋ, ಈ ದಂಡಿಯಾಗ ಸೊಸಿ ಆದಾಕಿ ನೀರಿಗೆ ಕೋಲು ಚಾಚಿದರ ಹೊಳೆವ್ವ ಆಕಿ ಗಂಡನ್ನ ಕರಕೊಂತಾಳ, ಗಂಡ ಬೇಕೋ ಮೀನು ಬೇಕೋ. ಎಲ್ಲಾರೂ ನಕ್ಕಿದ್ದರು. ಗಂಡ ಬೇಕು ಅಂದಿದ್ದಳು, ಹದಿನಾರು ವರ್ಷದಾಕಿ, ಮತ್ತೇನಂದಾಳು. ಹನ್ನೊಂದು ವರ್ಷ ಎಳಿ ಹೊಸೆದಳು, ಹುಳ ಕೆದರಿದಳು, ಸೂಜಿ ಬಗ್ಗಿಸಿ ಗಾಳ ಮಾಡಿದಳು, ಮೀನು ಸೋಸಿದಳು, ಮಾರಿದಳು, ನೀರಿಗೆ ಮಾತ್ರ ಕೋಲು ಚಾಚಲಿಲ್ಲ, ಗುಡ್ಡಪ್ಪನ ಕೈಗುಣ ದೊಡ್ಡದು ಅಂತ ಊರು ಅಂದರ ಮೂಲ್ಯಾಗ ಕುಂತು ಕೇಳಿದಳು. ಈ ಹೊಳೆವ್ವನಾದರೂ ಎಂಥಾಕಿ, ಸೊಸಿಯ ಕೈಯಾಗಿನ ಕೋಲು ಕಾಣತೈತಿ, ಬಾವಿಯಾಗ ಕುಣಿಯುವ ಸೊಳ್ಳಿಮರಿ ಕಾಣೂದಿಲ್ಲ — ಗಂಡಂದಿರನ್ನ ಎಣಿಸಿ ಇಟ್ಟುಕೊಂಡಾಳ, ಕೂಸುಗಳ ಲೆಕ್ಕ ಆಕಿಗೆ ಬ್ಯಾಡ. ಮೂರು ಕೂಸು ಸತ್ತವು ಹೋದ ಶ್ರಾವಣದಾಗ, ಮೂರೂ ಹಿರೇಬಾವಿಯ ಓಣಿಯವು, ಮೂರನೇದು ಮಾದೇವಿ, ಹೊನ್ನವ್ವನ ಮಾದೇವಿ, ಐದು ತುಂಬಿರಲಿಲ್ಲ, ಅವ್ವಾ ಹೊದಸಽ ಅನ್ನಾಕಿ, ಹಲ್ಲು ಕಟಕಟ ಅನ್ನೋವು, ನಾಕು ಕೌದಿ ಹೊದಿಸಿ ಮ್ಯಾಲೆ ತಾನು ಬಿದ್ದುಕೊಂಡರೂ ನಡುಗೂದು ನಿಲ್ಲತಿರಲಿಲ್ಲ, ಆಮ್ಯಾಲೆ ಅವ್ವಾ ತಗಿಯಽ, ಸುಡತೈತಿ ತಗಿ, ಹೊದಸಽ, ತಗಿಯಽ, ಒಂಬತ್ತು ದಿನ ಇದಽ. ದೃಷ್ಟಿ ಅಂದಳು ಅತ್ತಿ. ಹಾನಗಲ್ಲಿನ ಡಾಕ್ಟರು ಬಾವಿ ಅಂದರು, ಬಾವಿಯ ಸೊಳ್ಳಿ. ಗುಡ್ಡಪ್ಪ ಗೋಡೆಗೆ ತಲಿ ಕೊಟ್ಟು ಅತ್ತ, ಅತ್ತದ್ದು ಸುಳ್ಳಲ್ಲ, ಅದನ್ನ ಸುಳ್ಳು ಅಂದರ ಬಾಯಾಗ ಹುಳ ಬಿದ್ದಾವು, ಆದರೆ ಅತ್ತಾಂವನಽ ಇವತ್ತು ಕೋಲಿನ ತುದಿ ಕಡಿದ, ಅಳೂದು ಬ್ಯಾರೆ, ತುದಿ ಬಿಡೂದು ಬ್ಯಾರೆ. ಏಳನೇ ಮೀನು ಡಬ್ಬಿಗೆ ಬಿತ್ತು, ಗಾಳ ಕಣ್ಣಿನಾಗ ಹೊಕ್ಕಿತ್ತು. ಸರಿ ಆಕಡೆ, ಅಂದ ಗುಡ್ಡಪ್ಪ ಹಲ್ಲು ಕಚ್ಚಿ, ಹೆಣ್ಣಿನ ನೆರಳಿಗೆ ಮೀನು ಬರವಲ್ವು. ಹೆಣ್ಣಿನ ನೆರಳಿಗೆ! ಆಕಿಯ ನೆರಳು ಆಕಿಯ ಹಿಂದ ಒಣಮರಳಿನಾಗ ಬಿದ್ದಿತ್ತು. ದಂಡಿಯ ಮ್ಯಾಲೆ ಕಾಯುತ್ತ ನಿಂತ ಸಾಹೇಬರು ಗಡಿಯಾರ ನೋಡಿಕೊಂಡರು, ಹತ್ತೂವರೆ ಅಂದರು, ಯಾರಿಗೂ ಅಲ್ಲ, ತಮಗಽ.

ಸರಿದಳು. ಸರಿ ಅಂದರಲ್ಲ, ಸರಿದಳು, ಡಬ್ಬಿ ಎತ್ತಿಕೊಂಡು, ಲಕ್ಕಿಗಿಡದ ಮಟ್ಟಿ ದಾಟಿ, ಹೊಳಿ ತಿರುವು ತಗೊಂಡು ಕಲ್ಲಿನ ಸಂದಿಯಾಗ ಸಣ್ಣಗ ಇಳಿಯುವ ತಾವಿಗೆ, ಹರಿದ, ಚುಚ್ಚಿದ ಏಳನ್ನೂ ಕಾಗಿಗೆ ಒಗೆದಳು, ಹೊಸ ನೀರು ತುಂಬಿದಳು, ಬಿಸಲಿಗೆ ಮಾರಿ ಕೊಟ್ಟು ಕುಕ್ಕರುಗಾಲಿನಾಗ ಕುಂತಳು, ನಿಂತರ ಮೀನಿಗೆ ಕಾಣತೇವಿ ಮಗಳಽ, ಕುಂತರ ನಾವೂ ಕಲ್ಲು, ಅಂತಿದ್ದ ಅಪ್ಪ. ನಡುವಿನ ತುದಿಯನ್ನ ತಗೆದಳು. ಕಟ್ಟಾಕ ಎಳಿ ಇಲ್ಲ, ಎಳಿ ಒಲಿಯಾಗ ಐತಿ, ಕೈ ತಲಿಗೆ ಹೋಯಿತು, ತಾನಽ ಹೋಯಿತು, ಉದ್ದನ್ನ ಮೂರು ಕೂದಲು ಬುಡಸಹಿತ ಕಿತ್ತಳು, ಕಣ್ಣಿಗೆ ನೀರು ಬಂತು, ಬರಲಿ, ತೊಡಿಯ ಮ್ಯಾಲೆ ಹೊಸೆದಳು, ಗಾಳ ಇಲ್ಲ, ಗಾಳ ಬ್ಯಾಡ, ಹಸೀ ದಂಡಿ ಕೆದರಿ ತಗೆದ ಸಣ್ಣ ಎರಿಹುಳದ ನಡುವಿಗೆ ಕೂದಲಿನ ಗಂಟು, ಅಪ್ಪ ಕೂಸುಗಳಿಗೆ ಕಲಿಸುವ ಆಟ ಇದು, ಸಸಲಿ ಆಸಿಬುರುಕ ಜಾತಿ, ಕಚ್ಚಿದ್ದನ್ನ ಬಿಡಾಕ ಒಂದು ಗಳಿಗಿ ಮನಸು ಬರೂದಿಲ್ಲ ಅದಕ್ಕ, ಆ ಗಳಿಗಿಯಾಗ ಎತ್ತಬೇಕು, ಎಳೀಬಾರದು, ಕೂಸನ್ನ ತೊಟ್ಟಿಲಿಂದ ಎತ್ತಿದಂಗ. ಕೋಲು ನೀರಿನ ಮ್ಯಾಲೆ ಚಾಚಿದಳು. ಎದಿ ಧಸಕ್ ಅಂತು, ಅನ್ನಲಿ, ಹನ್ನೊಂದು ವರ್ಷದ ಧಸಕ್ ಅದು. ತುದಿ ಪಿಸುಗುಟ್ಟಿತು. ಬೆರಳಿಗೆ ನೆನಪಿತ್ತು, ತಲಿಗಿಂತ ಮೊದಲ ಬೆರಳು ಎತ್ತಿತು, ಬಿದಿರು ಬಗ್ಗಿತು, ಬೆಳ್ಳನ್ನದೊಂದು ಗಾಳಿಯಾಗ ಹೊಳ್ಳಿ ಡಬ್ಬಿಯಾಗ ಪುಳಕ್ ಅಂತು, ಈಜಿತು — ಈಜಿತು! ಎರಡು. ಐದು. ಒಂದು ಅರ್ಧದಾಗ ಬಿಟ್ಟು ಹೋತು, ಹೋಗಲಿ, ಹೊಟ್ಟಿ ತುಂಬಿದ್ದೀತು. ಹಿಂದ ಮರಳು ಸಪ್ಪಳಾತು, ಸಾಹೇಬರು, ನಿಂತರು, ಕುಂತರು, ಬೂಟು ಕಳಚಿ ಬಾಜೂಕ ಇಟ್ಟು ಡಬ್ಬಿಯನ್ನ ಆಕಿಯ ಕೈ ಹತ್ರ ಸರಿಸಿ ಹಿಡಿದರು, ಹಂಗ ಹಿಡೀರಿ, ಅಲುಗಿಸಬ್ಯಾಡ್ರಿ, ಅಂದಳು, ಸಾಹೇಬರಿಗೆ ಹುಕುಂ ಮಾಡಿದಳು, ಆಮ್ಯಾಲೆ ನಾಲಿಗಿ ಕಚ್ಚಿಕೊಂಡಳು, ಅವರು ಅಲುಗಿಸಲಿಲ್ಲ. ಆಚೆ ತಿರುವಿನಾಗ ಗುಡುಂ ಅಂತು ನಟ್ಟು, ಗುಡುಂ ಅಂದಾಗೊಮ್ಮೆ ಮ್ಯಾಲಿನ ಮೀನೆಲ್ಲಾ ಇತ್ತಲಾಗ ಓಡಿ ಬರತಾವು, ಹೊಡಿ, ಇನ್ನೂ ಹೊಡಿ, ಜೀವಮಾನದಾಗ ಇದೊಂದ ಸಹಾಯ ಮಾಡಾಕತ್ತಿ. ಕೂದಲು ಎರಡು ಸಲ ಹರೀತು, ಎರಡು ಸಲ ತಲಿಯಿಂದ ಕಿತ್ತಳು. ಹದಿನೆಂಟು. ಹತ್ತೊಂಬತ್ತು. ತುದಿ ಬಗ್ಗಿತು. ಇಪ್ಪತ್ತು.

ಸಾಹೇಬರು ಡಬ್ಬಿ ಹೊತ್ತು ಮಡುವಿಗೆ ಬಂದರು, ತಾವಽ ಹೊತ್ತರು, ಗುಡ್ಡಪ್ಪ ಇನ್ನೂ ನೀರಿನಾಗಽ ಇದ್ದ, ಬಗ್ಗಿ ಇಣಿಕಿದ, ಒಂದೊಂದ ಎಣಿಸಿದ, ಮತ್ತೊಮ್ಮೆ ಎಣಿಸಿದ, ಆಮ್ಯಾಲೆ ನಗಿ ಬಂತು, ನಾ ಹೇಳಿದ್ದಿಲ್ಲೇನ್ರಿ ಸಾಹೇಬ್ರ, ತಡಾ ಆದರೂ ಹಿಡೀತೇನಿ ಅಂತ, ಈಕಿ ಡಬ್ಬಿ ಕಾಯಾಕಿ, ಹೊಡೆತ ನಂದು. ದಂಡಿಯ ಮ್ಯಾಲೆ ತಂಬಾಕು ತಿಕ್ಕುತ್ತ ಕುಂತ ತಿಪ್ಪವ್ವ ಹೂಂ ಅಂದಳು, ನನ್ನ ಮಗನ ಕೈಗುಣ. ಸಾಹೇಬರು ಗುಡ್ಡಪ್ಪನ್ನ ನೋಡಿದರು, ಆಕಿಯನ್ನ ನೋಡಿದರು, ಕಿಸೆಯಿಂದ ವಹಿ ತಗೆದರು, ಶಿಗ್ಗಾಂವಿ ತಾಲೂಕಿನಾಗ ಇನ್ನೂ ನಲವತ್ತು ಬಾವಿ ಅದಾವು, ಹಿರೇಕೆರೂರಿಂದ ಹೊಳ್ಳಿ ಬಂದು ದುಂಡಸಿಯಿಂದ ಸುರು ಮಾಡೂದು, ಮೀನು ಹಿಡಿಯಾಕ ಯಾರನ್ನ ಕರೀಲಿ, ಯಾರ ಹೆಸರು ಬರಕೊಳ್ಳಲಿ, ಕೇಳಿದರು, ಕೇಳಿದ್ದು ಆಕಿಯ ಮಾರಿ ನೋಡಿ. ಬರಕೋರಿ, ಗುಡ್ಡಪ್ಪ, ಅಂದ ಗಂಡ. ನಲವತ್ತು ಬಾವಿ, ನಲವತ್ತು ಡಬ್ಬಿ ಹರಿದ ಬಾಯಿ, ನಲವತ್ತು ಓಣಿಯಾಗ ಹೊದಸಽ ತಗಿಯಽ, ಮತ್ತ ಈಕಿ ಡಬ್ಬಿ ಕಾಯಬೇಕು — ಬಾಯಾಗಿನ ಮಾತು ಹಲ್ಲಿನ ಹಿಂದ ನಿಂತಿತ್ತು, ಹನ್ನೊಂದು ವರ್ಷ ಅಲ್ಲಿಯೇ ನಿಂತಿತ್ತು, ಹೊರಗ ಬಂದಾಗ ಒದರಿದಂಗೂ ಆಗಲಿಲ್ಲ, ಸಣ್ಣಗ ಬಂತು, ಹೊನ್ನವ್ವ ಅಂತ ಬರಕೋರಿ ಸಾಹೇಬ್ರ. ಹಿಡದಾಕಿ ನಾನು. ಇಪ್ಪತ್ತೂ. ಕೋಲು ಚಾಚಿ ಹಿಡದೇನಿ. ಬಿದಿರಿನ ತುದಿಯನ್ನ ಎಲ್ಲಾರಿಗೂ ಕಾಣುವ ಹಂಗ ಎತ್ತಿ ಹಿಡಿದಳು, ಕರೀ ಕೂದಲು ಅದರಿಂದ ಗಾಳಿಗೆ ಆಡಿತು, ಹುಳದ ಗಂಟು ಇನ್ನೂ ಇತ್ತು. ತಿಪ್ಪವ್ವ ಬಾಯಿ ಬಾಯಿ ಬಡಕೊಂಡಳು, ಅಯ್ಯೋ ಹಾಳಾಗ್ಲಿ ನಿನ್ನ ಕೈ, ಗಂಡನ್ನ ಹೊಳಿಗೆ ಕೊಟ್ಟೆಲ್ಲೇ, ಏಳೋ ಗುಡ್ಯಾ, ನೀರು ಬಿಟ್ಟು ಏಳೋ, ಏಳು! — ಗುಡ್ಡಪ್ಪ ಓಡಿದ. ಬೈತಾನಂತ ತಿಳಿದಿದ್ದಳು, ಹೊಡೆದರೂ ಹೊಡೆದಾನಂತ ತಿಳಿದಿದ್ದಳು, ಹೊಡೆದರ ತಿರುಗಿ ಹೊಡೀಬೇಕಂತ ಕೈಯೂ ಬಿಗಿ ಮಾಡಿದ್ದಳು, ಓಡಿದ, ಕೋಲು ಒಗೆದು, ಎರಡೂ ಕೈಯಿಂದ ಗಾಳಿ ಹಿಂದಕ ತಳ್ಳುತ್ತ, ಪ್ರವಾಹ ಬೆನ್ನು ಹತ್ತಿದಾಂವನ ಹಂಗ, ಜಾರಿದ, ಸಾವರಿಸಿಕೊಂಡ, ಮರಳಿಗೆ ಬಂದರೂ ನಿಲ್ಲಲಿಲ್ಲ, ಮ್ಯಾಲೆ ಒಣಬಂಡೆ ಏರಿ ನಿಂತು ತೇಕುತ್ತ ನೀರನ್ನ ನೋಡಿದ. ಮಾಗಿಯ ನೀರು. ತಿಳಿನೀರು. ಕೆಳಗಿನ ಹರಳು ಎಣಿಸಬಹುದಿತ್ತು. ಈ ನೀರಿಗೆ ಹೆದರಿಸಿದ್ದರು ಆಕಿಯನ್ನ, ಹನ್ನೊಂದು ವರ್ಷ, ಈ ನೀರಿಗೆ, ಬೈಬೇಕಂದಳು, ನಗಬೇಕಂದಳು, ಸಾಹೇಬರು ಮತ್ತೊಮ್ಮೆ ಹೆಸರು ಕೇಳಿ ವಹಿಯಾಗ ಬರೀತಿದ್ದರು, ಅತ್ತಿ ಒದರುತ್ತಿದ್ದಳು, ಯಾವುದೂ ಕಿವಿಗೆ ಹೋಗಲಿಲ್ಲ, ಕಣ್ಣು ಬಂಡೆಯ ಮ್ಯಾಲಿನ ಆ ಕಾಲಿಗೆ ಅಂಟಿತ್ತು, ಒದ್ದಿ ಕಾಲು, ನಿಂತಾಗ ಹೊಳಿ ಮುಟ್ಟಿದ ಒದ್ದಿ ಗೆರಿ ಚೊಕ್ಕ ಕಾಣತಿತ್ತು, ಮೊಣಕಾಲಿನ ಕೆಳಗ, ಒದ್ದಿ ಗೆರಿ, ಮೊಣಕಾಲಿಗಿಂತ ನಾಕು ಬೆರಳು ಕೆಳಗ.