ಬೋಲ್ಟ್ ಬಿಚ್ಚುವ ಅಪ್ಪಣೆ

ಕೊಟ್ಟೂರು ದಾಟಿ ಕೂಡ್ಲಿಗಿ ಕಡೆಗಿನ ಏರಿನಲ್ಲಿ ಲಾರಿ ಒಂದೆರಡು ಸಲ ಕೆಮ್ಮಿ ನಿಂತೇಬಿಟ್ಟಿತು. ದುರುಗಪ್ಪ ಕೆಳಗಿಳಿದು ಹಿಂದಿನ ಗಾಲಿಗೆ ಕಲ್ಲು ಕೊಟ್ಟ. ಎಂಜಿನ್ನಿನ ಹತ್ತಿರ ಬಗ್ಗಿ ನೋಡಿದ. ಆಮೇಲೆ ಫೋನು ತೆಗೆದು ಅಜ್ಜಯ್ಯ ಸಾವ್ಕಾರರಿಗೆ ಹಚ್ಚಿದ.

"ಸಾವ್ಕಾರ್ರ, ಗಾಡಿ ನಿಂತೈತ್ರಿ. ಡೀಸೆಲ್ ಪೈಪ್ ಬಿಚ್ಚಲೇನ್ರಿ?"

ಆ ಕಡೆ ಸಾವ್ಕಾರರು ಕೆಮ್ಮು ಬರುವ ತನಕ ನಕ್ಕರು.

"ಲೇ ದುರುಗ, ಅದೀಗ ನಿನ್ ಗಾಡಿ ಅಲ್ಲೇನಲೇ? ನನ್ನ್ಯಾಕ ಕೇಳ್ತಿ? ಬ್ಯಾಸರಾದ್ರ ವಾಪಸ್ ತಂದು ನಿಲ್ಸು. ನಿನ್ ಡ್ರೈವರ್ ಕೆಲಸ ಹಂಗೇ ಐತಿ."

ದುರುಗಪ್ಪನ ಕಿವಿ ಬಿಸಿಯಾಯಿತು. ಸಾವ್ಕಾರರಿಂದ ಲಾರಿ ಕೊಂಡು ವಾರವೂ ಆಗಿಲ್ಲ, ಮೊದಲನೇ ಲೋಡು, ಅಷ್ಟರಲ್ಲೇ ಈ ಮರ್ಯಾದಿ! ಅವನದೂ ತಪ್ಪೇನಲ್ಲ ಬಿಡಿ. ಇದೇ ಲಾರಿಯನ್ನು ಮೀಸೆ ಮೂಡಿದ ದಿನದಿಂದ ಸಾವ್ಕಾರರಿಗಾಗಿ ಓಡಿಸಿದವನು. ತಮ್ಮನ್ನು ಕೇಳದೆ ಡ್ರೈವರ್ ಒಂದು ಬೋಲ್ಟೂ ಬಿಚ್ಚಕೂಡದು, ತಾವು ಫೋನು ಮಾಡಿದರೆ ಮೊದಲನೇ ರಿಂಗಿಗೇ ಎತ್ತಬೇಕು ಎಂಬುದು ಸಾವ್ಕಾರರ ಕಟ್ಟಳೆ. ಬೋಲ್ಟ್ ತಿರುಗಿಸುವ ಪಾನಾದ ಪೆಟ್ಟಿಗೆಗೆ ಬೀಗ ಹಾಕಿ ಇಟ್ಟವರು ಅವರು. ಮನಸ್ಸಿಗೆ ಗೊತ್ತಾದದ್ದು ಕೈಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಲ್ಲ.

ಈ ಮುದಿ ಗಾಡಿ ಯಾಕೆ ಎಂದು ಹರಪನಹಳ್ಳಿಯಲ್ಲಿ ನಕ್ಕವರಿಗೆ ಲೆಕ್ಕವಿಲ್ಲ. ಹೊಸ ಗಾಡಿಯ ರೋಗ ಯಾರಿಗೆ ಗೊತ್ತು, ಇದರದ್ದಾದರೆ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ ಎಂದು ದುರುಗಪ್ಪ ಎದೆ ತಟ್ಟಿಕೊಂಡಿದ್ದ. ಲೋಡು ಕೊಟ್ಟ ಮೆಕ್ಕೆಜೋಳದ ವ್ಯಾಪಾರಿಯೂ ಒಂದು ಮಾತು ಹೇಳಿದ್ದ: ಹಮಾಲರು ಮನೆಗೆ ಹೋಗುವುದರೊಳಗೆ ಮಾಲು ಕೋಳಿ ಫಾರಂ ಮುಟ್ಟಿದರೆ ಈ ಸುಗ್ಗಿಯ ಬಾಡಿಗೆಯೆಲ್ಲ ನಿನಗೇ, ಇಲ್ಲದಿದ್ದರೆ ಬೇರೆ ಗಾಡಿ ನೋಡಿಕೊಳ್ಳುತ್ತೇನೆ. ಹೊತ್ತು ಆಗಲೇ ಪಡುವಣಕ್ಕೆ ವಾಲಿತ್ತು.

ಮೊದಲ ಲೋಡಿಗೆ ಜೊತೆಗೆ ಬರುತ್ತೇನೆಂದು ಹಟ ಹಿಡಿದು ಬಂದ ಹೆಂಡತಿ ಶಾಂತಕುಮಾರಿ ಕ್ಯಾಬಿನ್ನಿನ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಅಂಗನವಾಡಿಯಲ್ಲಿ ಮಕ್ಕಳನ್ನು ಸುಮ್ಮನಿರಿಸುವ ದನಿ ಅವಳದು.

"ಕೇಳೋದಿದ್ರ ನನ್ನ ಕೇಳ್ರಿ. ಗಾಡಿ ನನ್ನ ಹೆಸರಿಲೇ ಐತಿ."

ಅದೂ ನಿಜವೇ. ಆರ್‌ಸಿ ಅವಳ ಹೆಸರಲ್ಲಿ ಮಾಡಿಸಿದವನು ತಾನೇ. ದುರುಗಪ್ಪನಿಗೆ ನಗು ಬಂತು. ತಲೆಗೆ ಸುತ್ತಿದ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು, ಸಾವ್ಕಾರರ ಮುಂದೆ ನಿಲ್ಲುವಂತೆಯೇ ಕಿಟಕಿಯ ಕೆಳಗೆ ನಿಂತ.

"ಸಾವ್ಕಾರ್ತೇರ, ಪೈಪ್ ಬಿಚ್ಚಲೇನ್ರಿ?"

"ಬಿಚ್ರಿ. ಲಗೂನ ಬಿಚ್ರಿ."

ಗಾಡಿಯ ಜೊತೆಗೇ ಬಂದಿದ್ದ ಕೀಲಿಯಿಂದ ಪೆಟ್ಟಿಗೆಯ ಬೀಗ ತೆಗೆದು ಪಾನಾ ಹಿಡಿದ. ಡೀಸೆಲ್ ಪೈಪಿನ ತುದಿ ಸೀಳಿತ್ತು, ಒಳಗೆ ಗಾಳಿ ಸೇರಿತ್ತು. ಸೀಳಿದಷ್ಟನ್ನು ಕತ್ತರಿಸಿ, ಉಳಿದದ್ದನ್ನು ಎಳೆದು ಕೂಡಿಸಿ ಬಿಗಿದ. ಫಿಲ್ಟರಿನ ಬೋಲ್ಟ್ ಸಡಿಲ ಮಾಡಿ ಕೈಪಂಪು ಒತ್ತುತ್ತ ಕೂತ. ಮೊದಲು ಬರೀ ನೊರೆ ಬಂತು. ನೊರೆ ನಿಂತು ಬರೀ ಡೀಸೆಲ್ ಹರಿದಾಗ ಬೋಲ್ಟ್ ಬಿಗಿದು ಮೇಲೆದ್ದ. ಕೀ ತಿರುಗಿಸಿದರೆ ಲಾರಿ ಒಂದು ಸಲ ಗೊಣಗಿ, ಮೈ ಕೊಡವಿ, ಗಂಟಲು ಬಿಟ್ಟು ಕೂಗಿತು. ಅವನಿಗೆ ಖುಷಿಯಲ್ಲಿ ಕಣ್ಣು ತುಂಬಿತು.

ಏರು ಮುಗಿಯುವಷ್ಟರಲ್ಲಿ ಫೋನು ಬಂತು. ಸಾವ್ಕಾರರದು. ಮೊದಲನೇ ರಿಂಗಿಗೇ ದುರುಗಪ್ಪನ ಕೈ ಸ್ಟೇರಿಂಗ್ ಬಿಟ್ಟು ಎದ್ದಿತು. ಶಾಂತಕುಮಾರಿ ಅದಕ್ಕಿಂತ ಮೊದಲೇ ಫೋನು ತಗೊಂಡು, ಅದನ್ನು ಇನ್ನೊಂದಷ್ಟು ರಿಂಗಾಗಲು ಬಿಟ್ಟು, ನಿಧಾನಕ್ಕೆ ಕಿವಿಗಿಟ್ಟಳು.

"ಗಾಡಿ ಓಡಸಾಕ ಹತ್ಯಾರ್ರಿ. ಮಾಲು ಇಳಿಸಿದ ಮ್ಯಾಲ ಫೋನ್ ಮಾಡ್ತಾರ."

ದುರುಗಪ್ಪ ಗೇರು ಬದಲಿಸಿದ. ಪೆಟ್ಟಿಗೆಗೆ ಹಾಕಲು ಮರೆತ ಬೀಗ ಡ್ಯಾಶ್‌ಬೋರ್ಡಿನ ಮೇಲೆ, ಬಾಯಿ ತೆರೆದುಕೊಂಡು, ಎಂಜಿನ್ನಿನ ಸದ್ದಿಗೆ ಅಲುಗುತ್ತಿತ್ತು.